ಮೂರು ಥರದ ರಕ್ತ, ಒಂದು ಹೆಣ, ಸಾವಿರ ಇರುವೆ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಸಿನಿಮಾಗೆ ಬಳಸಿ ನೋಡಿದ ಮೂರು ಥರದ ನಕಲಿ ರಕ್ತದಲ್ಲಿ ಗೆದ್ದಿದ್ದು ಸಕ್ಕರೆ ಪಾಕ. ಅದು ಕೊಟ್ಟಷ್ಟು ಕಾಟವನ್ನು ಬೇರೆ ಯಾವುದೂ ಕೊಡಲಿಲ್ಲ. ಆದರೂ ಮುಂದಿನ ಸಲ ಅದನ್ನೇ ಕುದಿಸುವುದು.

ಗಂಗಾವತಿಯಲ್ಲಿ ನಾವು ನಾಲ್ಕು ಜನ ಗೆಳೆಯರು. ಕಡಿಮೆ ದುಡ್ಡಲ್ಲಿ ತೆಗೆದ, ರಕ್ತ ಚೆಲ್ಲಾಡುವ ದೆವ್ವದ ಸಿನಿಮಾ ಅಂದರೆ ಜೀವ ಬಿಡುತ್ತೇವೆ. ತಲೆ ಹಾರುತ್ತದೆ, ರಬ್ಬರ್ ತಲೆ ಅಂತ ಚೆನ್ನಾಗಿ ಕಾಣುತ್ತದೆ, ಆದರೂ ಕಿರುಚುತ್ತೇವೆ. ಮರುಕ್ಷಣ 'ಇದನ್ನ ಹೆಂಗ ಮಾಡಿದ್ರಲೇ' ಅಂತ ಹಿಂದಕ್ಕೆ ಓಡಿಸಿ ನೋಡುತ್ತೇವೆ. ದೊಡ್ಡಾಟದಲ್ಲಿ ಭೀಮ ದುಶ್ಯಾಸನನ ಹೊಟ್ಟೆ ಬಗೆದು ಕೆಂಪು ಬಟ್ಟೆ ಎಳೆಯುವಾಗ ಊರೇ ಬಾಯಿ ಬಿಟ್ಟು ಕೂತಿರುತ್ತಲ್ಲ, ಅದೇ ಖುಷಿ. ಬಟ್ಟೆ ಅಂತ ಎಲ್ಲರಿಗೂ ಗೊತ್ತು. ಮುಂದೆ ಕೂತ ಹುಡುಗರಿಗೂ ಗೊತ್ತು. ಆದರೂ ಒಂದೆರಡು ಅಳುತ್ತವೆ.

ಹೋದ ಬೇಸಿಗೆಯಲ್ಲಿ ನಾವೇ ಹತ್ತು ನಿಮಿಷದ್ದೊಂದು ತೆಗೆಯೋಣ ಅಂತ ಹೊರಟೆವು. ಗೆಳೆಯನ ಮಾವನ ಬೀಗ ಹಾಕಿದ ರೈಸ್ ಮಿಲ್ಲು ಸಿಕ್ಕಿತು. ಹಗಲು ತಗಡಿನ ಕೆಳಗೆ ನಿಲ್ಲೋಕಾಗಲ್ಲ, ಹಾಗಾಗಿ ರಾತ್ರಿಯೇ ಶೂಟಿಂಗ್. ಒಟ್ಟು ಬಜೆಟ್ 4,000 ರೂಪಾಯಿ, ಅದರಲ್ಲಿ ಅರ್ಧ ಒಗ್ಗರಣೆ ಮಿರ್ಚಿಗೇ ಹೋಯಿತು. ಉಳಿದಿದ್ದರಲ್ಲಿ ರಕ್ತ.

ಮೊದಲು ಆನ್‌ಲೈನ್‌ನಲ್ಲಿ ರೆಡಿಮೇಡ್ ರಕ್ತ ತರಿಸಿದೆ. 100 ಎಂಎಲ್‌ಗೆ 349 ರೂಪಾಯಿ. ಬಾಟಲಿಯಲ್ಲಿ ಭಯಂಕರವಾಗಿತ್ತು. ಎಲ್‌ಇಡಿ ಲೈಟ್ ಕೆಳಗೆ ಹಿಡಿದರೆ ರೋಸ್ ಶರಬತ್ತು. ಒಂದೇ ಒಂದು ಕುತ್ತಿಗೆ ಕೊಯ್ಯುವಷ್ಟರಲ್ಲಿ ಮುಗಿದೂ ಹೋಯಿತು. ಪೀಟರ್ ಜಾಕ್ಸನ್ 1992ರಲ್ಲಿ ತೆಗೆದ 'ಬ್ರೇನ್‌ಡೆಡ್'ನ ಕೊನೆಯ ಹುಲ್ಲು ಕತ್ತರಿಸುವ ಮಷಿನ್ ದೃಶ್ಯಕ್ಕೆ 300 ಲೀಟರ್ ನಕಲಿ ರಕ್ತ ಬೇಕಾಯಿತಂತೆ. ಈ ಬಾಟಲಿ ಲೆಕ್ಕದಲ್ಲಿ 3,000 ಬಾಟಲಿ, ಅಂದರೆ ಹತ್ತು ಲಕ್ಷದ ಮೇಲೆ. ಹೊಲ ಮಾರಬೇಕು. ಇನ್ನು ಅಂಗಿಗೆ ಬಿದ್ದ ಕಲೆ ಇವತ್ತಿಗೂ ಹೋಗಿಲ್ಲ. ಅಂಗಿ ನನ್ನದಲ್ಲ, ಭಾವನದು.

ಎರಡನೆಯದು ಅವ್ವನ ಐಡಿಯಾ, ಓಕುಳಿ. ಆರತಿ ನೀರಿನ ಹಾಗೆ ಅರಿಶಿನಕ್ಕೆ ಸುಣ್ಣ ಕಲಸುವುದು. ಖರ್ಚು ಹೆಚ್ಚುಕಮ್ಮಿ ಸೊನ್ನೆ, ಬಣ್ಣ ಮಾತ್ರ ಏನು ಚಂದ! ಆದರೆ ನೀರು ನೀರು. ಹಣೆಗೆ ಹಚ್ಚಿದರೆ ಗದ್ದದಿಂದ ಸೋರುತ್ತದೆ. ಗಂಗಾವತಿಯಲ್ಲಿ ಅಕ್ಕಿಗೇನು ಬರ ಅಂತ ಗಂಜಿ ಬೆರೆಸಿದೆವು. ದಪ್ಪ ಆಯಿತು, ಜೊತೆಗೆ ಬೆಳ್ಳಗಾಗಿ ಸ್ಟ್ರಾಬೆರಿ ಐಸ್‌ಕ್ರೀಮ್ ಥರ ಕಂಡಿತು. ಅಷ್ಟರಲ್ಲಿ ನಿಂಬೆ ಸೋಡಾ ಕುಡಿದ ಕೈಯಲ್ಲೇ ಒಬ್ಬ ಹೆಣದ ಕೆನ್ನೆ ಒರೆಸಿದ. ಸುಣ್ಣಕ್ಕೆ ಕೆಂಪಾದ ಅರಿಶಿನ ಹುಳಿ ತಾಗಿದರೆ ಮತ್ತೆ ಹಳದಿ. ಹೆಣಕ್ಕೆ ಕಾಮಾಲೆ ಬಂತು. ಸುಣ್ಣ ಕಣ್ಣಿಗೆ ಬಿದ್ದರೆ ತಮಾಷೆಯಲ್ಲ, ಅದಕ್ಕೇ ಅಲ್ಲಿಗೆ ನಿಲ್ಲಿಸಿದೆವು.

ಕೊನೆಗೆ ಪಾಕ. ಇದು ನನ್ನ ತಲೆಯಿಂದ ಬಂದಿದ್ದಲ್ಲ. 1981ರ 'ದಿ ಈವಿಲ್ ಡೆಡ್' ಸಿನಿಮಾಗೆ ನಿರ್ದೇಶಕ ಸ್ಯಾಮ್ ರೈಮಿ ಮತ್ತು ಗೆಳೆಯರು ಮೆಕ್ಕೆಜೋಳದ ಸಿರಪ್, ಕೆಂಪು ಬಣ್ಣ, ಕಾಫಿ ಬೆರೆಸಿದ್ದರು. ಕ್ಯಾಮೆರಾವನ್ನು ಹಲಗೆಗೆ ಬಿಗಿದು ಇಬ್ಬರು ಹಿಡಿದುಕೊಂಡು ಕಾಡಲ್ಲಿ ಓಡಿದ ಗುಂಪು ಅದು. ಅದಕ್ಕೂ ಮುಂಚೆ, 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್'ನಲ್ಲಿ ಚಾಕಲೇಟ್ ಸಿರಪ್ಪೇ ರಕ್ತ. ಕಪ್ಪು ಬಿಳುಪು ಸಿನಿಮಾ, ಯಾರಿಗೆ ಗೊತ್ತಾಗಬೇಕು? ನಮ್ಮದು ಕಲರ್, ಆ ದಾರಿ ಇಲ್ಲ.

ಮೆಕ್ಕೆಜೋಳದ ಸಿರಪ್ ನಮ್ಮ ಅಂಗಡಿಯಲ್ಲಿ ಸಿಗಲಿಲ್ಲ. ಒಂದು ಕೆಜಿ ಸಕ್ಕರೆಗೆ ಅರ್ಧ ಲೀಟರ್ ನೀರು ಹಾಕಿ ಕುದಿಸಿದೆ. ಬೆರಳಿಗೆ ಅಂಟುವಷ್ಟಾದಾಗ ಇಳಿಸಿ ನಿಂಬೆರಸ ಹಿಂಡಿದೆ. ಜಾಮೂನಿನ ಪಾಕ ಹರಳು ಕಟ್ಟದಿರಲಿ ಅಂತ ಹಿಂಡುತ್ತಾರಲ್ಲ, ಹಾಗೆ. ಆಮೇಲೆ ತಿನ್ನುವ ಕೆಂಪು ಬಣ್ಣ, ಎರಡು ಚಮಚ ಗಟ್ಟಿ ಡಿಕಾಕ್ಷನ್. ಕಾಫಿ ಬಿದ್ದ ಕೂಡಲೇ ಶರಬತ್ತು ಹೋಗಿ ರಕ್ತ ಬಂತು. ಚಮಚದಿಂದ ನಿಧಾನಕ್ಕೆ ಜಾರಿ, ತುದಿಯಲ್ಲಿ ತೊಟ್ಟಾಗಿ ನಿಂತು, ಬೀಳಲೋ ಬೇಡವೋ ಅಂತ ಯೋಚಿಸುವ ರಕ್ತ. ಅಡುಗೆಮನೆಯಲ್ಲೇ ನನಗೆ ಮೈ ಜುಂ ಅಂತು. ಎಲ್ಲ ಸೇರಿ 80 ರೂಪಾಯಿ ದಾಟಲಿಲ್ಲ.

ಈಗ ಇರುವೆ ವಿಷಯ.

ಮಿಲ್ಲಿನಲ್ಲಿ ಹೆಣವಾಗಿ ಮಲಗಿದವನು ನಮ್ಮ ಗುಂಪಿನ ತಾಳ್ಮೆಯ ಮನುಷ್ಯ. ಕುತ್ತಿಗೆ ತುಂಬ ಪಾಕ ಸುರಿದು, 'ಉಸಿರಾಡಬೇಡ' ಅಂತ ಹೇಳಿ ಲೈಟ್ ಸರಿಮಾಡುತ್ತಿದ್ದೆವು. ಹದಿನೈದು ನಿಮಿಷವೂ ಆಗಿರಲಿಲ್ಲ. ಗೋಡೆಯ ಬಿರುಕಿನಿಂದ ಕಪ್ಪು ದಾರದಂಥ ಸಾಲು ಶುರುವಾಗಿ ನೇರ ಅವನ ಕಿವಿಯ ಹಿಂದೆ ಬಂದು ಮುಟ್ಟಿತು. ನಾನು ಕ್ಯಾಮೆರಾದಲ್ಲಿ ನೋಡಿ, ಆಹಾ, ಎಷ್ಟು ನ್ಯಾಚುರಲ್ ಆಗಿದೆ ಅಂದುಕೊಂಡೆ. ನಿಜವಾದ ಹೆಣಕ್ಕೂ ಇರುವೆ ಬರುತ್ತಲ್ವಾ. ಆಮೇಲೆ ಕೆಂಪಿರುವೆ ಬಂದವು. ಹೆಣ ಎದ್ದು ಕೂತು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಪಾಕಕ್ಕೆ ಉಪ್ಪು ಹಾಕಿದೆವು, ಇರುವೆ ಕ್ಯಾರೇ ಅನ್ನಲಿಲ್ಲ. ಅರಿಶಿನ ಉದುರಿಸಿದೆವು, ಸುತ್ತು ಹಾಕಿಕೊಂಡು ಬಂದವು. ಬೆಲ್ಲದ ಡಬ್ಬಿ ನೀರಲ್ಲಿಡುವ ಹಾಗೆ ಅವನನ್ನೂ ಇಡೋಣ ಅಂದ ಒಬ್ಬ. ಕೊನೆಗೆ ಇರುವೆ ಚಾಕ್‌ಪೀಸ್ ತಂದು, ಮಲಗಿದವನ ಸುತ್ತ ಮೈಗೆ ತಾಗದಂತೆ, ಕೈಕಾಲಿನ ಅಂಚು ಹಿಡಿದು ಗೆರೆ ಎಳೆದೆವು. ಪಾಕವನ್ನು ಟೇಕ್‌ಗೆ ಒಂದು ನಿಮಿಷ ಮುಂಚೆ ಮಾತ್ರ ಸುರಿಯುವುದು ಅಂತಲೂ ಆಯಿತು. ಈ ಕಿರಿಕಿರಿಗೇ ಒಂದು ರಾತ್ರಿ ಹೋಯಿತು.

ಮೊಬೈಲ್ ಆಪ್‌ನಲ್ಲಿ ಸಿಡಿಸುವ ಕಂಪ್ಯೂಟರ್ ರಕ್ತವನ್ನೂ ನೋಡಿದೆ. ನೆಲವೇ ಒದ್ದೆ ಆಗಲ್ಲ, ಅದೆಂಥ ರಕ್ತ, ಮುಗೀತು.

ಒಂದೇ ಶಾಟ್ ಸಾಕು, ಮನೆಯಲ್ಲಿ ಒಲೆ ಹಚ್ಚಲು ಬಿಡಲ್ಲ ಅನ್ನುವವರು ಬಾಟಲಿ ತೊಗೊಳ್ಳಿ, ಅಂಗಿ ಮಾತ್ರ ಸ್ವಂತದ್ದಿರಲಿ. ನನಗೆ ಬಕೆಟ್‌ಗಟ್ಟಲೆ ಬೇಕು, ಜೇಬಲ್ಲಿ ನೂರು ರೂಪಾಯಿ, ಪಾಕ ಕಲಕುತ್ತಾ ನಿಲ್ಲುವುದೂ ಇಷ್ಟ. ಎರಡು ದಿನ ಅಂಗೈ ಕೆಂಪಗಿತ್ತು. ಆಫೀಸಿನಲ್ಲಿ ಗೋರಂಟಿನಾ ಅಂತ ಕೇಳಿದರು, ಹೌದು ಅಂದೆ.

ಸಿನಿಮಾ ಮುಗಿಸಿ ನೆಂಟರಿಗೆ ತೋರಿಸಿದಾಗ ಭಾವ ಮೆಚ್ಚಿದ್ದು ಒಂದೇ ವಿಷಯ. ಪೊಲೀಸರು ಹೆಣದ ಸುತ್ತ ಹಾಕಿದ ಗೆರೆ ಬಹಳ ಚೆನ್ನಾಗಿ ಬಂದಿದೆಯಂತೆ.