ಆಶ್ರಯ ಮನೆ ಭೋಗ್ಯಕ್ಕಿದೆ ಅಂದರೆ ದುಡ್ಡು ಕೊಡಬೇಡಿ

ಶಿವಮೊಗ್ಗದಲ್ಲಿ ಕಡಿಮೆ ದುಡ್ಡಿಗೆ ಮನೆ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗಾದದ್ದು ಇನ್ನೊಬ್ಬರಿಗೆ ಆಗಬಾರದು.

ನಮ್ಮೂರು ಹೊಸನಗರದ ಕಡೆ. ಅಡಿಕೆ ಕೊಯ್ಲು ಮುಗಿದರೆ ಅಲ್ಲಿ ಕೂಲಿ ಸಿಗೋದು ಕಷ್ಟ. ಮಗಳ ಓದಿಗೂ ಆಗಲಿ ಎಂದು ಶಿವಮೊಗ್ಗಕ್ಕೆ ಬಂದೆವು. ನಾನು ಗಾರ್ಮೆಂಟ್ಸ್‌ಗೆ ಸೇರಿದೆ, ಯಜಮಾನರು ಬಾಡಿಗೆ ಆಟೋ ಹಿಡಿದರು. ಗೋಪಾಳ, ವಿನೋಬನಗರ ಎಲ್ಲ ಸುತ್ತಿದೆವು. ನಮ್ಮ ಸಂಬಳಕ್ಕೆ ತಿಂಗಳ ಬಾಡಿಗೆಯೇ ದೊಡ್ಡ ಹೊರೆ. ಭೋಗ್ಯವಾದರೆ ಬಾಡಿಗೆ ಇಲ್ಲ, ಅವಧಿ ಮುಗಿದಾಗ ದುಡ್ಡೂ ವಾಪಸ್ ಬರುತ್ತೆ ಅಲ್ವಾ? ಅದೇ ಆಸೆ.

ಆಟೋ ಸ್ಟ್ಯಾಂಡಿನಲ್ಲಿ ಪರಿಚಯವಾದ ಬ್ರೋಕರ್ ಒಬ್ಬ ಊರ ಹೊರಗಿನ ಆಶ್ರಯ ಮನೆ, ಅಂದರೆ ಸರ್ಕಾರ ಬಡವರಿಗೆ ಕೊಡುವ ಮನೆ ತೋರಿಸಿದ. 2 ಲಕ್ಷ, ಮೂರು ವರ್ಷ. 'ಸರ್ಕಾರವೇ ಈಗ ಬಾಡಿಗೆ ಮನೆ ಯೋಜನೆ ಮಾಡಿದೆ, ಹೆದರಬೇಡಿ' ಅಂದ. ಎರಡನೇ ಮಹಡಿ, ಗೋಡೆಗೆ ಇನ್ನೂ ಸುಣ್ಣದ ವಾಸನೆ. ಮಗಳು ಹೋದವಳೇ ಕಿಟಕಿ ಬಾಗಿಲು ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಊರಿನ ನಮ್ಮ ಮನೆ ಕಿಟಕಿಗೆ ಗೋಣಿಚೀಲ ಕಟ್ಟಿದ್ದೆವು. ಮಗಳ ಖುಷಿ ನೋಡಿಯೇ ನಾನು ಮನಸ್ಸು ಮಾಡಿದ್ದು. ಸರ ಅಡವಿಟ್ಟೆ, ಸಂಘದಲ್ಲಿ ಸಾಲ ತೆಗೆದೆ. 100 ರೂಪಾಯಿಯ ಛಾಪಾ ಕಾಗದದ ಮೇಲೆ ಸಹಿ, ನೋಟರಿ ಸೀಲು. ಬ್ರೋಕರ್‌ಗೆ 15 ಸಾವಿರ ಬೇರೆ.

ಬೀಗದ ಕೈ ಕೊಡುವಾಗ ಅವನು ಹೇಳಿದ: 'ಯಾರಾದ್ರೂ ಬಂದು ಕೇಳಿದ್ರೆ ಭೋಗ್ಯ ಅನ್ನಬೇಡಿ. ಓನರ್ ನಮ್ಮ ನಾದಿನಿ ಅನ್ನಿ.' ಅವತ್ತೇ ನಾನು ದುಡ್ಡು ವಾಪಸ್ ಕೇಳಬೇಕಿತ್ತು. ಕೇಳಲಿಲ್ಲ. ಮನೆಗೆ ಬಂದು ಮಗಳಿಗೂ ಅದನ್ನೇ ಹೇಳಿಕೊಟ್ಟೆ.

ಎಂಟು ತಿಂಗಳಾಗಿತ್ತು. ಜೋರು ಮಳೆ ಅಂತ ಶಾಲೆಗೆ ರಜೆ ಕೊಟ್ಟಿದ್ದರು, ನನಗೂ ಜ್ವರ, ಮನೆಯಲ್ಲೇ ಇದ್ದೆ. ಮನೆ ಸಿಕ್ಕವರೇ ವಾಸ ಇದ್ದಾರಾ ಎಂದು ನೋಡಲು ಇಬ್ಬರು ಪಟ್ಟಿ ಹಿಡಿದು ಬಂದರು. ನಾನು 'ನಾದಿನಿ ಮನೆ' ಅಂದೆ. ಅವರು ಮಗಳನ್ನು ಕೇಳಿದರು, 'ಯಾರ ಮನೆ ಪುಟ್ಟಿ?' 'ಅತ್ತೆ ಮನೆ' ಅಂದಳು. 'ಅತ್ತೆ ಹೆಸರೇನು?' ಅವಳು ನನ್ನ ಮುಖ ನೋಡಿದಳು. ನಾನು ಹೆಸರು ಹೇಳಿಕೊಟ್ಟೇ ಇರಲಿಲ್ಲ. ಅವಳ ಕಣ್ಣು ತುಂಬಿ ಬಂತು. ಎಲ್ಲ ನಿಜ ಹೇಳಿಬಿಟ್ಟೆ. ಹದಿನೈದು ದಿನದಲ್ಲಿ ಖಾಲಿ ಮಾಡಿ ಅಂದರು.

ಆಮೇಲೆ ವಿಚಾರಿಸಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ಸರ್ಕಾರದ ಮನೆ ಸಿಕ್ಕವರು ತಾವೇ ಅಲ್ಲಿ ವಾಸ ಮಾಡಬೇಕು, ಬೇರೆಯವರಿಗೆ ಕೊಡುವ ಹಾಗಿಲ್ಲ. ಹಕ್ಕುಪತ್ರದ ಷರತ್ತುಗಳನ್ನು ಓದಿದ್ದರೆ ಸಾಕಿತ್ತು. ಬ್ರೋಕರ್ ಹೇಳಿದ ಯೋಜನೆ ಇರುವುದೇನೋ ನಿಜ, ಕೇಂದ್ರ ಸರ್ಕಾರ 2020ರಲ್ಲಿ ತಂದದ್ದು. ಆದರೆ ಅದು ಖಾಲಿ ಬಿದ್ದ ಸರ್ಕಾರಿ ವಸತಿ ಸಮುಚ್ಚಯಗಳನ್ನು ವಲಸೆ ಬಂದವರಿಗೆ ಬಾಡಿಗೆಗೆ ಕೊಡುವ ಯೋಜನೆ. ಒಬ್ಬರ ಹೆಸರಿಗೆ ಬಂದ ಮನೆಯನ್ನು ಅವರು ಇನ್ನೊಬ್ಬರಿಗೆ ಭೋಗ್ಯಕ್ಕೆ ಹಾಕುವುದಲ್ಲ. ಇನ್ನು ಕಾಗದ. ಭೋಗ್ಯದ ಅಡಮಾನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಒಂದು ವರ್ಷ ಮೀರಿದ ಬಾಡಿಗೆ ಕರಾರೂ ಅಷ್ಟೇ. ಬರೀ ನೋಟರಿ ಸೀಲು ಸಾಲದು. ಖಾಸಗಿ ಮನೆಯೇ ಆದರೂ ಮೊದಲು ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸಿ, ಅದರ ಮೇಲೆ ಬ್ಯಾಂಕ್ ಸಾಲ ಇದೆಯಾ ನೋಡಿ.

ಜಾಸ್ತಿ ನೋವಾಗಿದ್ದು ಇನ್ನೊಂದಕ್ಕೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇದ್ದು, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇಲ್ಲದವರು ಅರ್ಜಿ ಹಾಕಬಹುದಂತೆ. ಅಂದರೆ ನಾವೇ ಹಾಕಬಹುದಿತ್ತು. ನೇರವಾಗಿ ಪಾಲಿಕೆಯ ಆಶ್ರಯ ವಿಭಾಗಕ್ಕೆ ಹೋಗಿ ಕೇಳುವ ಬದಲು ಬ್ರೋಕರ್ ಹಿಂದೆ ಹೋದೆವು.

ಮನೆ ಕೊಟ್ಟ ಹೆಂಗಸಿನ ಮೇಲೆ ನನಗೆ ಸಿಟ್ಟಿದೆ, ಆದರೆ ಪೂರ್ತಿ ಸಿಟ್ಟು ಮಾಡಲೂ ಆಗುವುದಿಲ್ಲ. ಫಲಾನುಭವಿ ಪಾಲಿನ ದುಡ್ಡು ಕಟ್ಟಲು ಬಡ್ಡಿಗೆ ಸಾಲ ತಂದಿದ್ದಳಂತೆ, ಅದನ್ನು ತೀರಿಸಲು ನಮ್ಮ ದುಡ್ಡು ತೆಗೆದುಕೊಂಡಳು. ಬ್ರೋಕರ್ ಮಾತ್ರ ಈಗ ಫೋನೇ ಎತ್ತುವುದಿಲ್ಲ.

ಇಂಥದ್ದರಲ್ಲಿ ಸಿಕ್ಕಿಬಿದ್ದವರು ಸುಮ್ನೆ ಕೂರಬೇಡಿ. ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ವಕೀಲರ ಸಹಾಯ ಉಚಿತ. ನಾನು ಅರ್ಜಿ ಕೊಟ್ಟ ಮೇಲೆ ಆಕೆಯನ್ನು ಕರೆಸಿ ಮಾತಾಡಿಸಿದರು.

ಈಗ ಒಂದು ಹಂಚಿನ ಮನೆಯ ಹಿಂಬದಿಯಲ್ಲಿ ಬಾಡಿಗೆಗಿದ್ದೇವೆ. 11 ತಿಂಗಳ ಕರಾರು ಮಾಡಿಸಿಕೊಂಡೆವು. ಅದನ್ನು ತೋರಿಸಿ ಗೃಹಜ್ಯೋತಿಯನ್ನೂ ನಮ್ಮ ಹೆಸರಿಗೆ ಮಾಡಿಸಿದ್ದೇವೆ. ಆಕೆಯಿಂದ ಕಂತಿನಲ್ಲಿ 80 ಸಾವಿರ ಬಂದಿದೆ. ಉಳಿದದ್ದಕ್ಕೆ ಮುಂದಿನ ತಿಂಗಳು ಮತ್ತೆ ಬರಲು ಪ್ರಾಧಿಕಾರದವರು ಹೇಳಿದ್ದಾರೆ.