ಶಾಲೆಯ ಎಪಿ ಕ್ಯಾಲ್ಕುಲಸ್ಸೋ, ಕಾಲೇಜಿನ ಕ್ಯಾಲ್ಕುಲಸ್ಸೋ? ನಮ್ಮ ಮನೆಯಲ್ಲಿ ಎರಡೂ ಆಯಿತು

ಕ್ಯಾಲಿಫೋರ್ನಿಯಾದ ಕ್ಯೂಪರ್ಟಿನೋ ಸುತ್ತಮುತ್ತ ಇರುವ ಕನ್ನಡದ ಅಪ್ಪ-ಅಮ್ಮಂದಿರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಹನ್ನೊಂದನೇ ಕ್ಲಾಸಿನ ಮಗು ಶಾಲೆಯಲ್ಲೇ ಎಪಿ ಕ್ಯಾಲ್ಕುಲಸ್ ಬಿ.ಸಿ. (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಗಣಿತದ ಕೋರ್ಸು) ತೊಗೊಳ್ಳಲೋ, ಡಿ ಆಂಜಾದಂಥ ಕಮ್ಯೂನಿಟಿ ಕಾಲೇಜಿಗೆ (ಎರಡು ವರ್ಷದ ಸರ್ಕಾರಿ ಕಾಲೇಜಿಗೆ) ಹೋಗಲೋ? ನನ್ನ ಮಗ ಶಾಲೆಯಲ್ಲಿ ಕಲಿತ, ಮಗಳು ಕಾಲೇಜಿನಲ್ಲಿ.

ಮಗನ ವರ್ಷ ಸಲೀಸಾಗಿ ಕಳೆಯಿತು. ದಿನಾ ಅದೇ ಟೀಚರ್, ಅದೇ ಗೆಳೆಯರು; ಇವತ್ತು ತಲೆಗೆ ಹತ್ತದ್ದನ್ನು ನಾಳೆ ಕೇಳಬಹುದು. ಮೇ ತಿಂಗಳಲ್ಲಿ ಮೂರೂಕಾಲು ಗಂಟೆಯ ಪರೀಕ್ಷೆ, 5ಕ್ಕೆ 5 ಬಂತು. ಆದರೆ ಮಾರ್ಚ್ ಆದಮೇಲೆ ಹಳೇ ಪ್ರಶ್ನೆಪತ್ರಿಕೆ ಬಿಡಿಸುವುದೇ ಪಾಠ. ಈ ಸೂತ್ರ ಯಾಕೆ ಹೀಗೆ ಅಂತ ಕೇಳಿದರೆ, "ಅಮ್ಮಾ, ಅದೆಲ್ಲ ಪರೀಕ್ಷೆಗೆ ಬರಲ್ಲ" ಅನ್ನುತ್ತಿದ್ದ.

ಕಾಲೇಜಿನಲ್ಲಿ ಅದೇ ವಿಷಯ 1ಎ, 1ಬಿ, 1ಸಿ ಎಂದು ಮೂರು ಕ್ವಾರ್ಟರ್. ಒಂದೊಂದು ಹನ್ನೆರಡೇ ವಾರ, ಒಂದು ವಾರ ಜ್ವರ ಬಂದರೆ ಒಂದು ಅಧ್ಯಾಯವೇ ಹೋಯಿತು. ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಫೀಸ್ ಇಲ್ಲ, ಪುಸ್ತಕದ ದುಡ್ಡು ನಮ್ಮದೇ. ಸೀಟು ಸಿಗುವ ಸರದಿ ಮಾತ್ರ ಕಟ್ಟಕಡೆಗೆ. ಮಗಳ ಪಕ್ಕ ಕೂರುತ್ತಿದ್ದವರು ಕೆಲಸ ಮುಗಿಸಿ ಯೂನಿಫಾರ್ಮಿನಲ್ಲೇ ಬರುತ್ತಿದ್ದ, ಎರಡು ಮಕ್ಕಳ ತಂದೆ.

1ಸಿಯ ಮೊದಲ ಮಿಡ್‌ಟರ್ಮ್‌ನಲ್ಲಿ ಅವಳಿಗೆ ನೂರಕ್ಕೆ 61. ಪ್ರೊಫೆಸರಿಗೆ ನಾನೇ ಬರೆಯೋಣವೆಂದರೆ ಹಾಗಾಗುವುದಿಲ್ಲ: ಹದಿನಾರು ವರ್ಷದವಳಾದರೂ ಕಾಲೇಜಿನ ಅಂಕಗಳ ಮೇಲಿನ ಹಕ್ಕು, ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಯ ಫೆರ್ಪಾ ಕಾಯ್ದೆಯ ಪ್ರಕಾರ, ಅವಳದ್ದೇ. ಪ್ರೊಫೆಸರ್ ವಿದ್ಯಾರ್ಥಿಗಳ ಪ್ರಶ್ನೆಗೆಂದೇ ಸಿಗುವ ಆಫೀಸ್ ಅವರ್‌ಗೆ ಒಬ್ಬಳೇ ಹೋದಳು, ನಾನು ಪಾರ್ಕಿಂಗ್‌ನಲ್ಲಿ ಕೂತಿದ್ದೆ. ಮುಕ್ಕಾಲು ಗಂಟೆ ಬಿಟ್ಟು ಬಂದವಳ ಬೆರಳೆಲ್ಲ ಮಾರ್ಕರ್ ಮಸಿ. ಕಾರಲ್ಲೇ ದಿನಸಿ ರಸೀದಿಯ ಹಿಂದೆ ಬರೆದು ತೋರಿಸಿದಳು: 1, 1/2, 1/3, 1/4... ಸಂಖ್ಯೆಗಳು ಸೊನ್ನೆಯತ್ತ ಇಳಿಯುತ್ತವೆ, ಹಾಗಾಗಿ ಮೊತ್ತ ಎಲ್ಲೋ ನಿಲ್ಲುತ್ತದೆ ಅಂತ ಪರೀಕ್ಷೆಯಲ್ಲಿ ಬರೆದಿದ್ದಳಂತೆ. "ನೋಡು, ಮೂರನೇದು ನಾಲ್ಕನೇದು ಸೇರಿದರೆ ಅರ್ಧಕ್ಕಿಂತ ಜಾಸ್ತಿ. ಐದರಿಂದ ಎಂಟು, ಮತ್ತೆ ಅರ್ಧಕ್ಕಿಂತ ಜಾಸ್ತಿ. ಅರ್ಧಗಳು ಮುಗಿಯೋದೇ ಇಲ್ಲಮ್ಮ!" ಪಿಯುಸಿಯಲ್ಲಿ ನನಗೆ ಇದನ್ನು ಹೀಗೆ ಯಾರೂ ತೋರಿಸಿರಲಿಲ್ಲ.

ಭಯವಿರುವುದು ಗ್ರೇಡಿನದ್ದು. ಎಪಿ ಅಂಕ ಕಡಿಮೆ ಬಂದರೆ ಯೂನಿವರ್ಸಿಟಿಗೆ ಕಳಿಸದೆ ಸುಮ್ಮನಿರಬಹುದು. ಕಾಲೇಜಿನ ಸಿ ಗ್ರೇಡ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ, ಅಂದರೆ ಕಾಲೇಜಿನ ಅಂಕಪಟ್ಟಿಯಲ್ಲಿ, ಕೂತುಬಿಡುತ್ತದೆ. ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳು ಎರಡಕ್ಕೂ ಕ್ರೆಡಿಟ್ ಕೊಡುತ್ತವೆ, ಖಾಸಗಿಯವುಗಳಲ್ಲಿ ಒಂದೊಂದರ ನಿಯಮ ಒಂದೊಂದು.

ಆಟ, ಸಂಗೀತ ಎಂದು ಸಂಜೆ ತುಂಬಿರುವ ಮಗುವಿಗೆ ಎಪಿಯೇ ಸರಿ. ತಾನೇ ಹೋಗಿ ಕೇಳುವ ಮಗುವಾದರೆ ನಾನು ಕಾಲೇಜಿಗೇ ಕಳಿಸುತ್ತೇನೆ. ಹತ್ತನೇ ಕ್ಲಾಸಿಗೇ ಬಿ.ಸಿ. ಮುಗಿಸಿದವರಿಗಂತೂ ಮುಂದಿನ ಮಲ್ಟಿವೇರಿಯಬಲ್ (ಒಂದಕ್ಕಿಂತ ಹೆಚ್ಚು ಚರಗಳ ಕ್ಯಾಲ್ಕುಲಸ್) ಎಷ್ಟೋ ಶಾಲೆಗಳಲ್ಲಿ ಇರುವುದೇ ಇಲ್ಲ.

ಬೇಸಿಗೆ ಕಳೆದ ಮೇಲಿನ ಫಾಲ್ ಕ್ವಾರ್ಟರ್‌ಗೆ ಕಾಲೇಜಿಗೆ ಸೇರಿಸುವುದಾದರೆ ಶಾಲೆಯವರ ಒಪ್ಪಿಗೆಯ ಸಹಿಯನ್ನು ಬೇಸಿಗೆ ರಜೆಗೆ ಮುಂಚೆಯೇ ಹಾಕಿಸಿಕೊಳ್ಳಿ. ರಜೆಯಲ್ಲಿ ಸಹಿ ಹಾಕುವವರು ಸಿಗದೆ ನಮಗೆ ಒಂದು ಕ್ವಾರ್ಟರ್ ಕೈತಪ್ಪಿತು.