ಉಚಿತ ಡಾವಿಂಚಿ ರಿಸಾಲ್ವ್: ಒಂದು ಬಯಲಾಟದ ಸಂಕಲನದಲ್ಲಿ ಕಂಡಂತೆ

ಬಯಲಾಟವೊಂದರ ಎರಡೂವರೆ ಗಂಟೆಯ ದಾಖಲೆಯನ್ನು ಸಂಕಲಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಅದನ್ನು ಡಾವಿಂಚಿ ರಿಸಾಲ್ವ್ ಎಂಬ ವಿಡಿಯೋ ಸಂಕಲನ ತಂತ್ರಾಂಶದ ಉಚಿತ ಆವೃತ್ತಿಯಲ್ಲೇ ಪೂರ್ತಿಯಾಗಿ ಮಾಡಿ ಮುಗಿಸಬೇಕೆಂದು ನಿಶ್ಚಯಿಸಿದೆ. ಕೈಯಲ್ಲಿದ್ದದ್ದು ಎರಡು ಫೋನುಗಳಲ್ಲಿ ಹಿಡಿದ ದೃಶ್ಯಗಳು, ಭಾಗವತರ ಬಳಿ ಇಟ್ಟಿದ್ದ ರೆಕಾರ್ಡರಿನ ಧ್ವನಿ, ಮತ್ತು 16 ಜಿಬಿ ಮೆಮೊರಿಯ ವಿಂಡೋಸ್ ಲ್ಯಾಪ್‌ಟಾಪು. ಈ ವಿಮರ್ಶೆ ಆ ಕೆಲಸದ ಅನುಭವವನ್ನು ಆಧರಿಸಿದೆ. ತಂತ್ರಾಂಶದ ಎಲ್ಲ ಸೌಲಭ್ಯಗಳ ಪರಿಚಯ ಇಲ್ಲಿಲ್ಲ.

ರಿಸಾಲ್ವ್ ಮೂಲತಃ ಚಲನಚಿತ್ರಗಳ ಬಣ್ಣ ತಿದ್ದುವ ವ್ಯವಸ್ಥೆ. ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ 2009ರಲ್ಲಿ ಡಾವಿಂಚಿ ಸಿಸ್ಟಮ್ಸ್ ಅನ್ನು ಕೊಂಡ ಮೇಲೆ ಅದು ಸಾಮಾನ್ಯರ ಕೈಗೆ ಬಂತು. 2017ರಲ್ಲಿ ಫೇರ್‌ಲೈಟ್ ಎಂಬ ಧ್ವನಿ ವಿಭಾಗವೂ 2018ರಲ್ಲಿ ಫ್ಯೂಷನ್ ಎಂಬ ಮೋಷನ್ ಗ್ರಾಫಿಕ್ಸ್ ವಿಭಾಗವೂ ಅದರೊಳಗೆ ಸೇರಿದವು. ಒಟ್ಟು ಕುಟುಂಬಕ್ಕೆ ಬಂದ ಸೊಸೆಯಂದಿರಂತೆ ಪ್ರತಿಯೊಂದು ವಿಭಾಗವೂ ತನ್ನ ತವರಿನ ರೂಢಿಯನ್ನು ಇನ್ನೂ ಬಿಟ್ಟಿಲ್ಲವಾದ್ದರಿಂದ, ಎಡಿಟ್ ಪುಟದಲ್ಲಿ ಪಳಗಿದ ಕೈ ಫ್ಯೂಷನ್ ಪುಟಕ್ಕೆ ಹೋದೊಡನೆ ಮತ್ತೆ ಮೊದಲ ಪಾಠದಿಂದ ಶುರುಮಾಡಬೇಕಾಗುತ್ತದೆ.

ಮೊದಲ ತೊಡಕು ಧ್ವನಿಯದು. ರೆಕಾರ್ಡರಿನ ಧ್ವನಿಯನ್ನೂ ಫೋನಿನ ದೃಶ್ಯವನ್ನೂ ಅಲೆಯಾಕಾರ ನೋಡಿ ತಾನಾಗಿಯೇ ಹೊಂದಿಸುವ ಸೌಲಭ್ಯ ಉಚಿತ ಆವೃತ್ತಿಯಲ್ಲೂ ಇದೆ, ಮತ್ತು ಅದು ಮೊದಲ ಪದ್ಯಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದಿಸಿಕೊಟ್ಟಿತು. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಚಂಡೆಯ ಕೋಲು ಬೀಳುವುದಕ್ಕೂ ಪೆಟ್ಟು ಕೇಳುವುದಕ್ಕೂ ನಡುವೆ ಅಂತರ ಕಾಣಿಸಿಕೊಂಡಿತು. ಮಾತಿನಲ್ಲಿ ಎರಡು ಫ್ರೇಮುಗಳ (ದೃಶ್ಯದ ಬಿಡಿ ಚಿತ್ರಗಳ) ವ್ಯತ್ಯಾಸ, ಅಂದರೆ ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ 80 ಮಿಲಿಸೆಕೆಂಡು, ಅನೇಕರಿಗೆ ತಿಳಿಯುವುದೇ ಇಲ್ಲ. ಚಂಡೆ ಮಾತ್ರ ಅಷ್ಟಕ್ಕೂ ಕ್ಷಮೆ ಕೊಡುವುದಿಲ್ಲ. ನಾನು ಎರಡು ಸಂಜೆ ಕ್ಲಿಪ್ಪುಗಳನ್ನು ತುಂಡರಿಸಿ ಅತ್ತಿತ್ತ ಸರಿಸುತ್ತಾ ಕಳೆದೆ, ಅದು ಶುದ್ಧ ದಡ್ಡತನ. ಫೋನುಗಳು ಬೆಳಕಿಗೂ ತಮ್ಮ ಕಾವಿಗೂ ತಕ್ಕಂತೆ ಫ್ರೇಮ್ ರೇಟನ್ನು, ಅಂದರೆ ಸೆಕೆಂಡಿಗೆ ಹಿಡಿಯುವ ಫ್ರೇಮುಗಳ ಸಂಖ್ಯೆಯನ್ನು, ಹಿಗ್ಗಿಸಿ ಕುಗ್ಗಿಸುತ್ತವೆ ಎಂಬುದನ್ನು ಮೊದಲೇ ಪರಿಶೀಲಿಸಬೇಕಿತ್ತು. ಮೀಡಿಯಾಇನ್ಫೋ ಎಂಬ ಪುಟ್ಟ ತಂತ್ರಾಂಶದಲ್ಲಿ ಕಡತವನ್ನು ತೆರೆದರೆ ಫ್ರೇಮ್ ರೇಟಿನ ಎದುರು ‘ವೇರಿಯಬಲ್’ ಎಂದು ಕಾಣಿಸುತ್ತದೆ. ಅಂಥ ಕಡತಗಳನ್ನು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಪರಿವರ್ತಕದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆಯ್ದು, ಗುಣಮಟ್ಟದ ಅಂಕಿಯನ್ನು 18ರ ಆಸುಪಾಸಿನಲ್ಲಿಟ್ಟು ಮತ್ತೊಮ್ಮೆ ಬರೆಸಿಕೊಂಡು, ಆ ಪ್ರತಿಗಳನ್ನು ರಿಸಾಲ್ವ್‌ಗೆ ತಂದಾಗ ಇಡೀ ಆಟದುದ್ದಕ್ಕೂ ಪೆಟ್ಟು ಪೆಟ್ಟಿಗೇ ಕೂತಿತು.

ಇದರ ಜೊತೆಗೇ ಹೇಳಬೇಕಾದ ಮಾತೆಂದರೆ, ಮೊದಲ ಕ್ಲಿಪ್ಪನ್ನು ಒಳಗೆ ತರುವ ಮುನ್ನವೇ ಪ್ರಾಜೆಕ್ಟಿನ ಫ್ರೇಮ್ ರೇಟನ್ನು ನಿರ್ಧರಿಸಿಕೊಳ್ಳಬೇಕು. ಆಮೇಲೆ ರಿಸಾಲ್ವ್ ಅದನ್ನು ಬದಲಿಸಗೊಡುವುದಿಲ್ಲ. ಕ್ಲಿಪ್ಪು ಹೊಂದದಿದ್ದಾಗ ಬದಲಿಸಲೇ ಎಂದು ಅದು ಒಮ್ಮೆ ಕೇಳುತ್ತದೆ, ಆ ಪ್ರಶ್ನೆಯನ್ನು ಓದದೆ ಒತ್ತಿಬಿಡುವವರೇ ಹೆಚ್ಚು.

ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್ ತಡವರಿಸುತ್ತದೆ ಎಂಬುದು ಈ ತಂತ್ರಾಂಶದ ಬಗ್ಗೆ ಎಲ್ಲೆಡೆ ಕೇಳಿಬರುವ ದೂರು. ನನ್ನ ಅಭಿಪ್ರಾಯದಲ್ಲಿ ಇದರಲ್ಲಿ ಅರ್ಧದಷ್ಟು ದೋಷ ಕಡತಗಳ ಸ್ವರೂಪದ್ದು. ಫೋನುಗಳು ಬರೆಯುವ ಎಚ್.264 ಮತ್ತು ಎಚ್.265 ಕಡತಗಳಲ್ಲಿ ಪ್ರತಿಯೊಂದು ಫ್ರೇಮೂ ಇಡಿಯಾಗಿ ಇರುವುದಿಲ್ಲ. ಹೆಚ್ಚಿನವು ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತು ಎಂಬುದನ್ನಷ್ಟೇ ಹೇಳುತ್ತವೆ. ಹಾಗಾಗಿ ನಡುವಿನ ಒಂದು ಫ್ರೇಮಿಗೆ ಹಾರಿದರೆ ಯಂತ್ರ ಹಿಂದಿನ ಹಲವನ್ನು ಬಿಡಿಸಿಕೊಂಡು ಬರಬೇಕು. ಪ್ರತಿ ಫ್ರೇಮನ್ನೂ ಇಡಿಯಾಗಿ ಹಿಡಿದಿಡುವ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಮಾದರಿಯಲ್ಲಿ ಪ್ರಾಕ್ಸಿ ಪ್ರತಿಗಳನ್ನು, ಅಂದರೆ ಸಂಕಲನದ ವೇಳೆ ಮೂಲದ ಬದಲು ಬಳಸುವ ಹಗುರ ಪ್ರತಿಗಳನ್ನು, ಮಾಡಿಕೊಂಡರೆ ಹಳೆಯ ಲ್ಯಾಪ್‌ಟಾಪೂ ಸರಾಗವಾಗಿ ಓಡುತ್ತದೆ. 1080 ಗಾತ್ರದ 25 ಫ್ರೇಮಿನ ಒಂದು ಗಂಟೆಗೆ ಸುಮಾರು 16 ಜಿಬಿ ಜಾಗ ಬೇಕಾಗುವುದರಿಂದ ಡಿಸ್ಕನ್ನು ಮೊದಲೇ ತೆರವು ಮಾಡಿಕೊಳ್ಳುವುದು ಒಳ್ಳೆಯದು. ಸಣ್ಣ ಗ್ರಾಫಿಕ್ಸ್ ಕಾರ್ಡಿನಲ್ಲಿ 4ಕೆ ಟೈಮ್‌ಲೈನ್ ನಡೆಸಿದರೆ ಜಿಪಿಯು ಮೆಮೊರಿ ತುಂಬಿದೆ ಎಂಬ ಎಚ್ಚರಿಕೆ ಬರುವುದೂ ಪ್ರಸಿದ್ಧವೇ. ಟೈಮ್‌ಲೈನನ್ನು 1080ಕ್ಕೆ ಇಳಿಸಿ ಸಂಕಲಿಸಿ, ಅಂತಿಮ ರೆಂಡರಿನ ಹೊತ್ತಿಗೆ ಮಾತ್ರ ಮೇಲೇರಿಸಿದರೆ ಅದು ಬಹುಮಟ್ಟಿಗೆ ತಪ್ಪುತ್ತದೆ. ಲಿನಕ್ಸ್ ಬಳಸುವವರ ಸಂಗತಿ ಬೇರೆ, ಅಲ್ಲಿನ ಉಚಿತ ಆವೃತ್ತಿ ಎಚ್.264 ಕಡತವನ್ನು ತೆರೆಯುವುದೇ ಇಲ್ಲ.

ಇನ್ನು ನನಗೆ ಅತ್ಯಂತ ಆಸಕ್ತಿಯ ಭಾಗ, ಪಾತ್ರಗಳ ಹೆಸರನ್ನು ಪರದೆಯ ಮೇಲೆ ಮೂಡಿಸುವುದು. ಅಕ್ಷರಗಳು ಒಂದೊಂದಾಗಿ ಟೈಪಾಗುತ್ತಾ ಬರಬೇಕೆಂದು ಎಲ್ಲರೂ ಬಯಸುತ್ತಾರೆ. ‘ಕಾರ್ತವೀರ್ಯ’ ಎಂಬ ಹೆಸರನ್ನು ತೆಗೆದುಕೊಳ್ಳಿ. ಓದುವವರಿಗೆ ಅದು ನಾಲ್ಕು ಅಕ್ಷರ, ಯೂನಿಕೋಡಿನಲ್ಲಿ ಹತ್ತು ಸಂಕೇತ. ತಂತ್ರಾಂಶವು ಅಕ್ಷರ ಎಣಿಸದೆ ಸಂಕೇತ ಎಣಿಸಿದರೆ ‘ಕಾ’ ಆದ ಮೇಲೆ ‘ರ’ ಬರುತ್ತದೆ, ಅದು ‘ರ್’ ಆಗುತ್ತದೆ, ಮರುಕ್ಷಣ ಆ ಜಾಗಕ್ಕೆ ‘ತ’ ನುಗ್ಗಿ, ರಕಾರ ಅರ್ಕಾವತ್ತಾಗಿ ಅದರ ಬಲಕ್ಕೆ ಹಾರುತ್ತದೆ. ಇದೇ ಕುಣಿತ ‘ರ್ಯ’ದಲ್ಲಿ ಇನ್ನೊಮ್ಮೆ. ಕೆಲವು ವರ್ಷಗಳ ಹಿಂದೆ ಬೇರೊಂದು ತಂತ್ರಾಂಶದಲ್ಲಿ ನಾನು ಮಾಡಿದ ಶೀರ್ಷಿಕೆ ಹೀಗೆಯೇ ಕುಣಿದು, ವೇಷಧಾರಿಯ ಪ್ರವೇಶಕ್ಕಿಂತ ಅಕ್ಷರಗಳ ಪ್ರವೇಶಕ್ಕೇ ಜನ ನಕ್ಕಿದ್ದರು.

ಆದ್ದರಿಂದ ಈ ಬಾರಿ ಹೆಸರುಗಳನ್ನು ಇಂಕ್‌ಸ್ಕೇಪ್ ಎಂಬ ರೇಖಾಚಿತ್ರ ತಂತ್ರಾಂಶದಲ್ಲಿ ಬರೆದು, ‘ಆಬ್ಜೆಕ್ಟ್ ಟು ಪಾತ್’ ಮೂಲಕ ಅಕ್ಷರಗಳನ್ನು ಬರಿಯ ಆಕಾರಗಳಾಗಿ ಮಾರ್ಪಡಿಸಿ, ಎಸ್‌ವಿಜಿ ಕಡತವಾಗಿ ಫ್ಯೂಷನ್‌ಗೆ ತಂದೆ. ಆಮೇಲೆ ಅದು ಕನ್ನಡವೋ ಕಮಲದ ಚಿತ್ರವೋ ಎಂಬುದು ತಂತ್ರಾಂಶಕ್ಕೆ ಮುಖ್ಯವಲ್ಲ, ಒತ್ತು ಜಾರುವ ಭಯವೂ ಇಲ್ಲ. ಅಂಚು ಮೃದುವಾಗಿರುವ ಆಯತದ ಮಾಸ್ಕನ್ನು (ತನ್ನೊಳಗಿನ ಭಾಗವನ್ನಷ್ಟೇ ಕಾಣಗೊಡುವ ಆಕಾರವನ್ನು) ಎಡದಿಂದ ಬಲಕ್ಕೆ ಸರಿಸಿದರೆ ಹೆಸರು ಬರೆದಂತೆಯೇ ಮೂಡುತ್ತದೆ. ಮಾಸ್ಕಿನ ಕೆಳಗಂಚನ್ನು ಮಾತ್ರ ಧಾರಾಳವಾಗಿ ಇಳಿಸಿರಬೇಕು. ಸಿದ್ಧ ಟೆಂಪ್ಲೇಟುಗಳ ಪಟ್ಟಿಯ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳೆದದ್ದಾದ್ದರಿಂದ ‘ಸ್ತ್ರೀ’ಯಂಥ ಪದದ ಒತ್ತುಗಳು ಅಲ್ಲಿ ಸೊಂಟದ ಕೆಳಗೆ ಕತ್ತರಿಸಿಹೋಗುತ್ತವೆ. ಹೆಸರನ್ನು ಬದಿಯಿಂದ ಜಾರಿಸಿ ತರುವುದಾದರೆ ಸ್ಪ್ಲೈನ್ ಕಿಟಕಿಯಲ್ಲಿ ಚಲನೆಯ ನೇರ ಗೆರೆಯನ್ನು ಬಳುಕಿಸಿ, ಟ್ರಾನ್ಸ್‌ಫಾರ್ಮ್ ನೋಡ್‌ನಲ್ಲಿ (ಫ್ಯೂಷನ್‌ನಲ್ಲಿ ಒಂದೊಂದು ಕೆಲಸಕ್ಕೂ ಇರುವ, ಸರಪಳಿಯಂತೆ ಜೋಡಿಸುವ ಪೆಟ್ಟಿಗೆಯಲ್ಲಿ) ಮೋಷನ್ ಬ್ಲರ್, ಅಂದರೆ ಚಲನೆಯ ಮಸುಕು, ಹಾಕಿ. ಈ ಎರಡರಿಂದಲೇ ಹವ್ಯಾಸಿ ಕೆಲಸದ ಬಿರುಸು ಕಡಿಮೆಯಾಗುತ್ತದೆ. ನೋಡ್‌ಗಳ ಈ ಕ್ರಮ ಮೊದಲ ವಾರ ತಲೆ ತಿನ್ನುವುದು ನಿಜ, ಆದರೆ ಹದಿನೆಂಟು ಪಾತ್ರಗಳಿಗೆ ಒಂದೇ ಸರಪಳಿಯನ್ನು ನಕಲು ಮಾಡಿ ಹೆಸರಿನ ಕಡತವನ್ನಷ್ಟೇ ಬದಲಿಸುವಾಗ ಅದರ ಬೆಲೆ ಗೊತ್ತಾಗುತ್ತದೆ.

ಉಚಿತ ಆವೃತ್ತಿಯ ಮಿತಿಗಳು ಎಲ್ಲಿ ಕಾಡಿದವು? 3840 x 2160 ಗಾತ್ರ ಮತ್ತು ಸೆಕೆಂಡಿಗೆ 60 ಫ್ರೇಮುಗಳ ಮೇರೆ ಇಂಥ ಕೆಲಸಕ್ಕೆ ಅಡ್ಡಿಯೇ ಅಲ್ಲ. ಕಾಡಿದ್ದು ರಂಗಸ್ಥಳದ ದೀಪಗಳು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ದೀಪ ಸೆಕೆಂಡಿಗೆ 100 ಬಾರಿ ಮಿಡಿಯುತ್ತದೆ. ಫೋನಿನ ಷಟರ್, ಅಂದರೆ ಪ್ರತಿ ಫ್ರೇಮಿಗೂ ಬೆಳಕು ಹಿಡಿಯುವ ಅವಧಿ, 1/60 ಸೆಕೆಂಡಿನಲ್ಲಿದ್ದುದರಿಂದ ಒಂದು ಕೋನದ ದೃಶ್ಯದಲ್ಲೆಲ್ಲ ಮಸುಕು ಪಟ್ಟಿಗಳು ಹರಿದಾಡಿದವು. ಇದನ್ನು ತಗ್ಗಿಸುವ ಡಿಫ್ಲಿಕರ್ ಸೌಲಭ್ಯವೂ ಇರುಳಿನ ದೃಶ್ಯದ ಕಾಳುಗಳನ್ನು ಅಳಿಸುವ ನಾಯ್ಸ್ ರಿಡಕ್ಷನ್ನೂ ಪಾವತಿಯ ಸ್ಟುಡಿಯೋ ಆವೃತ್ತಿಗೆ ಮೀಸಲು. ಮುಂದಿನ ಆಟಕ್ಕೆ ಷಟರನ್ನು 1/50 ಅಥವಾ 1/100ಕ್ಕೆ ಕಟ್ಟಿಹಾಕಬೇಕೆಂದು ಕ್ಯಾಮೆರಾ ಹಿಡಿಯುವವರಿಗೆ ಹೇಳಿದ್ದೇನೆ, ಹಾಗಾಗಿ ಡಿಫ್ಲಿಕರ್‌ಗಾಗಿ ನಾನು ಹಣ ತೆರುವುದಿಲ್ಲ. ಕಾಳುಗಳ ವಿಷಯ ಹಾಗಲ್ಲ, ರಾತ್ರಿಯಿಡೀ ನಡೆಯುವ ಆಟದಲ್ಲಿ ಅವು ಇದ್ದೇ ಇರುತ್ತವೆ. ಸ್ಟುಡಿಯೋದ ಬೆಲೆ 295 ಡಾಲರ್; ತಿಂಗಳ ಬಾಡಿಗೆಯಲ್ಲ, ಒಮ್ಮೆ ಕೊಟ್ಟರೆ ಮುಗಿಯಿತು. ವರ್ಷಕ್ಕೆ ಇಂಥ ಮೂರು ಕೆಲಸ ಬಂದರೆ ಕೊಳ್ಳುವ ಯೋಚನೆ ನನಗಿದೆ.